ಹದಿನೇಳನೆಯ ಅಂಗಿ

ಶಿಂಪಿ ಕಾಕಾನ ಎಡಗೈಯ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕಾಲದಲ್ಲೋ ಮಶೀನಿನ ಸೂಜಿ ಅದರೊಳಗಿಂದ ಹಾದುಹೋಗಿದ್ದು, ಅಂದಿನಿಂದ ಉಗುರು ಎರಡು ಹೋಳಾಗಿಯೇ ಬೆಳೆಯುತ್ತ ಬಂದಿತ್ತು. ಆ ಭಾನುವಾರ ಬೆಳಿಗ್ಗೆ ನಾನು ಚಹಾದ ಲೋಟ ಕೊಟ್ಟಾಗ ಮೊದಲು ಕಂಡದ್ದು ಆ ಬೆರಳೇ. ಲೋಟದ ಅಂಚಿಗೆ ಸಣ್ಣಗೆ ಬಡಿಯುತ್ತಿತ್ತು. ಕಟ್ಟೆಯ ತುಂಬ ಜನ ಕೂತು ಜಗಳಾಡುತ್ತಿದ್ದರೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕೈ ಅದು. ಅದು ನಡುಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಉಳಿದಂತೆ ಆ ಬೆಳಗು ಎಲ್ಲ ಬೆಳಗಿನಂತೆಯೇ ಇತ್ತು. ಆರಕ್ಕೆ ನಳ ಬಂತು. ಎರಡು ಕೊಡ, ಒಂದು ಹಂಡೆ ತುಂಬಿಸಿಕೊಂಡೆ. ಮಿರಜ ಸ್ಟೇಶನ್ನಿನ ಕಡೆಯಿಂದ ಗಾಡಿಯೊಂದು ಎರಡು ಸಲ ಕೂಗಿತು. ಅಂಗಳ ಗುಡಿಸಿ ರಂಗೋಲಿ ಎಳೆದೆ. ಎದುರುಮನೆಯ ಮಾವಶಿ ತಮ್ಮ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋವಿಗೂ ಮೋಡಕ್ಕೂ ಸೇರಿಸಿ ಬೈಯುತ್ತಿದ್ದರು. ಚಹಾ ಸೋಸಿ ನಮ್ಮವರಿಗೆ ಒಂದು ಬಸಿ ಇಟ್ಟು, ಪಕ್ಕದ ಮನೆಯ ಕಾಕಾಗೆ ಸ್ಟೀಲಿನ ಲೋಟದಲ್ಲಿ ತೆಗೆದುಕೊಂಡು ಹೋದೆ. ಕಾಕಾ ಮದುವೆಯಾದವರಲ್ಲ. ನಾನು ಸೊಸೆಯಾಗಿ ಈ ಓಣಿಗೆ ಬಂದ ವರ್ಷದಿಂದ ಆ ಲೋಟ ಅವರದು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಇಲ್ಲಿಗೆ ಬಂದ ಹೊಸದರಲ್ಲಿ ಓಣಿಯ ಮರಾಠಿ ಕಿವಿಗೆ ಹತ್ತದೆ, ದಿನಗಟ್ಟಲೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಒಂದು ದಿನ ಕಾಕಾ ನಾನು ಒಣಹಾಕಿದ್ದ ದಿಂಬಿನ ಚೀಲದ ಅಂಚನ್ನು ತಿರುವಿ ನೋಡಿದರು.

"ಯಾರ ಕಲಿಸ್ಯಾರವಾ ಈ ಹೊಲಿಗಿ?"

"ಸಾಲ್ಯಾಗ ಸಿಸ್ಟರ್ ಕಲಿಸ್ಯಾರ್ರಿ ಕಾಕಾ."

"ಹಿಂದಿನ ಬದೀನೂ ಮುಂದಿನಂಗ ಐತಿ. ಇಂಥಾ ಕೈ ಸುಮ್ಮ ಕುಂದ್ರಬಾರದು."

ಮಾರನೆಯ ದಿನದಿಂದ ಅವರ ಮಶೀನಿನ ಎದುರಿಗೆ ಒಂದು ಗಿಡ್ಡ ಸ್ಟೂಲು ಬಂತು. ಅವರು ಹೊಲಿದ ಅಂಗಿಗಳಿಗೆ ಗುಂಡಿತೂತಿಗೆ ಕಾಜ ಕಟ್ಟುವುದು, ಗುಂಡಿ ಹಚ್ಚುವುದು ನನ್ನ ಕೆಲಸವಾಯಿತು. ಆ ಅಂಗಿಗಳಲ್ಲಿ ಮುಖ್ಯವಾದವು ನಮ್ಮ ಓಣಿಯ ಫುಟ್ಬಾಲ್ ಸಂಘದವು. ಕಾಲರು, ಎದೆಯ ಮೇಲೆ ಎರಡು ಗುಂಡಿ, ಬೆನ್ನಿಗೆ ಬಿಳಿ ಅರಬಿಯಲ್ಲಿ ಕತ್ತರಿಸಿ ಹೊಲಿದ ನಂಬರು. ಪಂದ್ಯ ಮುಗಿದ ಮೇಲೆ ಅಂಗಿಗಳೆಲ್ಲ ಕಾಕಾನ ಮನೆಗೇ ಬರುತ್ತಿದ್ದವು. ಅವರು ಒಗೆದು, ಹರಿದಲ್ಲಿ ಹೊಲಿದು, ಅಂಗಳದ ತಂತಿಯ ಮೇಲೆ ಒಣಹಾಕುತ್ತಿದ್ದರು.

ಸಂಜೆಯಾದರೆ ಸಂಘದ ಅಭಿಮಾನಿಗಳು ಅವರ ಕಟ್ಟೆಗೆ ಬಂದು ಕೂರುತ್ತಿದ್ದರು; ಹೆಚ್ಚಿನವರು ಕನ್ನಡದವರೇ. ಆಗ ಊರು ಕಣ್ಣೆದುರಿಗೇ ಉಬ್ಬುತ್ತಿತ್ತು. ಮನೆಮನೆಗೆ ಕೇಬಲ್ ಬಂದು, ಹೊರದೇಶದ ಸಂಘಗಳು ಆಟಗಾರರನ್ನು ಕೊಳ್ಳುವ ಸುದ್ದಿ ನಮ್ಮ ಓಣಿಗೂ ಗೊತ್ತಾಗತೊಡಗಿತ್ತು. ಕುಪವಾಡದಲ್ಲಿ ಕಾರ್ಖಾನೆ ಹಾಕಿದ ಒಬ್ಬ ಮಾಲಕರು ಸಂಘದ ಖರ್ಚು ವಹಿಸಿಕೊಂಡಿದ್ದರು. ಹಾಗಾಗಿ ಪ್ರತಿ ವರ್ಷ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎನ್ನುವುದೇ ಕಟ್ಟೆಯ ಮಾತು.

"ಈ ಸಲ ಮೂರು ಮಂದಿ ಫಾರ್ವರ್ಡ್ ಬರಾಕತ್ತಾರ್ರಿ," ಎಂದು ಒಂದು ಸಂಜೆ ಅರಿಶಿನದ ದಲಾಲರು ಸುದ್ದಿ ತಂದರು. ಸಾಂಗ್ಲಿಯ ಪೇಟೆಯಿಂದ ನೇರ ಇಲ್ಲಿಗೇ ಬರುತ್ತಿದ್ದ ಅವರ ತೋಳುಗಳು ಸದಾ ಹಳದಿ. "ಇಬ್ಬರು ಕೊಲ್ಹಾಪುರದವರು, ಒಬ್ಬ ಗೋವಾದಾಂವ. ಇನ್ನ ನೋಡ್ರಿ ಗೋಲಿನ ಮಳಿ."

"ಮೂರೂ ಇಂಜಿನ್ನ ಜೋಡಿಸಿದ್ರಿ," ಎಂದರು ರೇಲ್ವೆಯಿಂದ ನಿವೃತ್ತರಾದ ಗಾರ್ಡ್ ಸಾಹೇಬರು. "ಹಿಂದಿನ ಡಬ್ಬಿ ಎಲ್ಲೈತಿ?"

"ಹುಟ್ಟಿದಾಗಿಂದ ಹಿಂದಿನ ಡಬ್ಬಿಯೊಳಗ ಕುಂತೀರಿ. ಮುಂದಿನ ಹಳಿ ನಿಮಗೇನ ಕಾಣತೈತಿ?" ಎಂದರು ದಲಾಲರು.

"ಟಿವಿಯೊಳಗ ನೋಡ್ರಿ ಸಾಹೇಬ್ರ," ಎಂದರು ನಮ್ಮವರು. "ಎಲ್ಲಾರೂ ಮುಂದಿನವರನ್ನ ಕೊಳ್ಳತಾರ."

"ಟಿವಿಯೊಳಗ ಹಿಂದಿನವರನ್ನ ತೋರಸೂದಿಲ್ಲ, ಅಷ್ಟ," ಎಂದರು ಕಾಕಾ, ತಲೆಯೆತ್ತದೆ. ಎಲ್ಲರೂ ಅವರ ಕಡೆ ತಿರುಗಿದರು. ಅವರು ಮಾತಾಡಿದರೆ ಹಾಗೇ ಆಗುತ್ತಿತ್ತು. "ಬರೇ ಎದಿ ಅಗಲ ಇಟ್ರ ಅಂಗಿ ಆಗೂದಿಲ್ರಿ. ಬೆನ್ನಿಗೂ ಅಷ್ಟ ಅರಬಿ ಬೇಕು. ಇಲ್ಲಂದ್ರ ಕೈ ಎತ್ತಿದ ಕೂಡ್ಲೆ ಬಗಲಾಗ ಹರೀತೈತಿ. ಇಬ್ಬರ ಫಾರ್ವರ್ಡ್ ಸಾಕು. ಆ ಮೂರನೇದಾಂವನ ಬದಲಿ ನಡುವ ಓಡಾಡೂ ಒಬ್ಬನ್ನ ತರ್ರಿ."

"ಮತ್ತ ಎಡಗಡೆ ಹಿಂದ, ಕಾಕಾ? ಲೆಫ್ಟ್ ಬ್ಯಾಕ್?" ಗಾರ್ಡ್ ಸಾಹೇಬರು ದನಿ ತಗ್ಗಿಸಿ ಕೇಳಿದರು.

ಕಾಕಾ ಪೆಡಲು ಒತ್ತಿದರು. ಗೋಲ್‌ಕೀಪರನಿಂದ ಹಿಡಿದು ಬದಲಿ ಆಟಗಾರನ ತನಕ ಪ್ರತಿ ಜಾಗಕ್ಕೂ ಅವರ ಬಳಿ ಮಾತಿತ್ತು. ಆ ಒಂದು ಜಾಗದ ಪ್ರಶ್ನೆ ಬಂದಾಗ ಮಾತ್ರ ಅವರ ಉತ್ತರ ಮಶೀನಿನ ಸದ್ದು. ಅದು ನಿಲ್ಲುವ ಹೊತ್ತಿಗೆ ಜನ ಬೇರೆ ಮಾತಿಗೆ ಹೋಗಿರುತ್ತಿದ್ದರು.

ಸಂಘಕ್ಕೆ ಹದಿನಾರು ಅಂಗಿ ಬೇಕು. ಅಂಗಿಗೆ ಎರಡರಂತೆ ಮೂವತ್ತೆರಡು ಕಾಜ. ನಾನು ಸ್ಟೂಲಿನ ಮೇಲೆ ಕೂತ ಎರಡನೆಯ ವರ್ಷ ಕಟ್ಟಿದ ಕಾಜ ಮೂವತ್ತನಾಲ್ಕು ಎಂದು ಬೆರಳು ಎಣಿಸಿ ನೋಡಿದಾಗ ಗೊತ್ತಾಯಿತು. ಮೂರು ನಂಬರಿನ ಅಂಗಿ ಎರಡಿದ್ದವು. ಒಂದು ಲೆಫ್ಟ್ ಬ್ಯಾಕ್ ಆಡುವವನಿಗೆ ಹೋಯಿತು. ಇನ್ನೊಂದು ತಂತಿಯ ಮೇಲೆ, ಎಡತುದಿಯಲ್ಲಿ ಉಳಿಯಿತು.

"ಕಾಕಾ, ಒಂದು ಹೆಚ್ಚಾಗೇತ್ರಿ."

"ಅದು ನಮ್ಮ ಮನೀದವಾ," ಎಂದರು.

ಅಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆ. ಆದರೆ ಆ ವರ್ಷ ಮಳೆಗಾಲದಲ್ಲಿ, ಮೈದಾನದಲ್ಲಿ ನೀರು ನಿಂತು ಹದಿನೈದು ದಿನದಿಂದ ಯಾರೂ ಚೆಂಡು ಮುಟ್ಟದಿದ್ದಾಗ, ಒಂದು ಬೆಳಿಗ್ಗೆ ನಾನು ಆ ಅಂಗಿಯನ್ನು ಸರಿಸಿ ನನ್ನ ಸೀರೆ ಒಣಹಾಕಲು ಹೋದೆ. ತಂತಿ ಇದ್ದದ್ದು ತಗಡಿನ ಚಾವಣಿಯ ಕೆಳಗೆ. ಬೇರೆ ಬಟ್ಟೆಗಳೆಲ್ಲ ಒಣಗಿದ್ದವು. ಅಂಗಿಯ ಬಗಲು ಮಾತ್ರ ಒದ್ದೆಯಾಗಿತ್ತು. ಎಡ ಅಂಚಿಗೆ ಬಿಳಿಯ ಗೆರೆಯೊಂದು ಹತ್ತಿತ್ತು.

"ಸೀಮೆಸುಣ್ಣ ಇರಬೇಕವಾ. ಗುರುತಾ ಮಾಡಿದ್ದು," ಎಂದರು ಕಾಕಾ, ನಾನು ಕೇಳುವ ಮೊದಲೇ.

ಶಿಂಪಿಯ ಸೀಮೆಸುಣ್ಣ ನನಗೆ ಗೊತ್ತು. ಅದಕ್ಕೆ ವಾಸನೆಯಿಲ್ಲ. ಮನೆಗೆ ಬಂದು ಬೆರಳು ಮೂಸಿದೆ. ಮೈದಾನಕ್ಕೆ ಗೆರೆ ಎಳೆಯುತ್ತಾರಲ್ಲ, ಎಲೆಗೆ ಹಚ್ಚುವ ಜಾತಿಯ ಸುಣ್ಣ, ಆ ಕಟುವಾಸನೆ. ಎಡಗಡೆ ಆಡುವವನಿಗೆ ಗೆರೆ ಎಡಬದಿಗೇ ಇರುತ್ತದೆ. ಕೈ ಎರಡು ಸಲ ತೊಳೆದೆ.

ಎಡಗಡೆಗೆ ಬಂದ ಯಾವ ಆಟಗಾರನೂ ನಮ್ಮಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬ ಎರಡು ಪಂದ್ಯ ಆಡಿ, ನಾನು ನಿಲ್ಲಬೇಕಾದ ಜಾಗದಲ್ಲಿ ಯಾರೋ ಮೊದಲೇ ನಿಂತಿರುತ್ತಾರೆ ಎಂದು ಹೇಳಿ ಹೋದ. ಇನ್ನೊಬ್ಬ ಹಬ್ಬಕ್ಕೆಂದು ಊರಿಗೆ ಹೋದವನು ಮರಳಲಿಲ್ಲ. ಮೂರನೆಯವನು ಗೋವಾದವನು, ಮೃದು ಮಾತಿನವನು, ಕೊರಳಲ್ಲಿ ಸಣ್ಣ ಶಿಲುಬೆ. ಪಂದ್ಯದ ಮಾರನೆಯ ದಿನ ಅಂಗಿಯನ್ನು ಮಡಿಚಿ ತಂದು ನನ್ನ ಸ್ಟೂಲಿನ ಪಕ್ಕ ಇಟ್ಟ. ಹಿಂದಿಯಲ್ಲಿ ಹೇಳಿದ: ಹಾಕಿಕೊಂಡಾಗ ಅದು ಬೆಚ್ಚಗಿತ್ತು, ಈಗಷ್ಟೆ ಯಾರೋ ಬಿಚ್ಚಿ ಕೊಟ್ಟ ಹಾಗೆ. ಬಿಸಿಲಿಗೆ ಹಾಕಿದ್ದೆವಲ್ಲ ಎಂದೆ. ಅವನು ತಲೆಯಲ್ಲಾಡಿಸಿದ. ಬೆಚ್ಚಗಿದ್ದದ್ದು ಎದೆಯ ಹತ್ತಿರ ಮಾತ್ರ ಎಂದ. ಅವನು ಹೋದ ಮೇಲೆ ಮುಟ್ಟಿ ನೋಡಿದೆ. ನನ್ನ ಕೈಗೆ ತಣ್ಣಗಿತ್ತು.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂದು ಅವರು ಮಶೀನು ನಿಲ್ಲಿಸಿ ತಮ್ಮ ಅಳತೆಯ ಪುಸ್ತಕ ತೆಗೆದರು.

ಆ ಪುಸ್ತಕದ ಒಂದು ರೂಢಿ ನನಗೆ ಮೊದಲೇ ಗೊತ್ತಿತ್ತು. ಗಿರಾಕಿ ಯಾರಾದರೂ ತೀರಿಕೊಂಡರೆ, ಮಣ್ಣು ಮುಗಿಸಿ ಬಂದು, ಸ್ನಾನ ಮಾಡಿ, ಕಾಕಾ ಅವರ ಅಳತೆಯ ಸಾಲಿನ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆಯುತ್ತಿದ್ದರು. "ಸತ್ತವರ ಅಳತಿ ಬುಕ್ಕಿನಾಗ ಉಳೀಬಾರದು. ಉಳದ್ರ ಅಂಗಿ ಕೇಳಾಕ ಬರ್ತಾರ ಅಂತಿದ್ದ ನಮ್ಮಪ್ಪ." ಹೇಳುವಾಗ ನಗುತ್ತಿರಲಿಲ್ಲ.

ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡೇ ಸಾಲು. ಹೆಸರಿಲ್ಲ. ಎರಡರಲ್ಲೂ ಅವೇ ಅಂಕಿಗಳು: ಅದೇ ಎದೆ, ಅದೇ ಸೊಂಟ, ಅದೇ ತೋಳು.

"ಮ್ಯಾಲಿಂದು ನಂದು. ಕೆಳಗಿಂದು ನನ್ನ ತಮ್ಮಂದು," ಎಂದರು. "ಒಂದ ವರ್ಷದ ಅಂತರ ನಮಗ. ಒಬ್ಬಾಂವನ ಅಳತಿ ತೊಗೊಂಡು ಅಪ್ಪ ಇಬ್ಬರಿಗೂ ಕತ್ತರಸ್ತಿದ್ದ."

ತಮ್ಮ ಈ ಸಂಘದ ಲೆಫ್ಟ್ ಬ್ಯಾಕ್. ಮೂವತ್ತು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಇಂಥದ್ದೇ ಚರ್ಚೆ ನಡೆದಿತ್ತು. ಕೊಲ್ಹಾಪುರದಲ್ಲಿ ಒಬ್ಬ ಎತ್ತರದ ಆಟಗಾರ ಸಿಕ್ಕಿದ್ದ. ತಮ್ಮ ಗಿಡ್ಡ, ತಲೆಯ ಮೇಲಿನ ಚೆಂಡೆಲ್ಲ ಅವನನ್ನು ದಾಟಿ ಹೋಗುತ್ತಿತ್ತು. ನಮ್ಮವನನ್ನು ಕೂರಿಸಿ ಅವನನ್ನು ತರೋಣ ಎಂದು ಮೊದಲು ಹೇಳಿದವರು ಕಾಕಾ.

"ನಾ ಹೇಳಿದ್ದು ಖರೇನ ಇತ್ತವಾ. ಸಂಘದ ಸಮತೋಲಕ್ಕ ಅದ ಬೇಕಾಗಿತ್ತು. ಆದ್ರ ಅವಗ ಮೊದಲ ಹೇಳಬೇಕಾಗಿತ್ತು. ಇವತ್ತ ಹೇಳೋಣು, ನಾಳೆ ಹೇಳೋಣು ಅಂತ ಬಿಟ್ಟೆ. ಅಂಗಿ ಹೊಲದಬಿಟ್ಟೆ."

ಮೂರು ನಂಬರಿನ ಅಂಗಿ ತಂತಿಯ ಮೇಲಿತ್ತು. ತಮ್ಮ ಪ್ರತಿ ವರ್ಷದಂತೆ ಬಂದು ಖುಷಿಯಿಂದ ತೊಟ್ಟುಕೊಂಡ. ಅಂಗಿಯ ತೋಳುಗಳು ಇಳಿದು ಬೆರಳುಗಳನ್ನು ಮುಚ್ಚಿದವು. ಎರಡೂ ಕೈ ಹಾಗೇ ಮುಂದೆ ಹಿಡಿದು ನೋಡುತ್ತ ನಿಂತ. "ಅಣ್ಣಾ, ಯಾರ ಅಳತಿ ಇದು?" ಎಂದು ಕೇಳಿದ. ಕಾಕಾ ಪೆಡಲು ಒತ್ತಿದರು. ಮಶೀನು ನಿಂತಾಗ ಅಂಗಿ ಮಡಿಚಿ ಇಟ್ಟಿತ್ತು. ಸ್ಟೇಶನ್ನಿನ ಕಡೆ ಹೋದದ್ದನ್ನು ಕಂಡವರಿದ್ದರು. ಯಾವ ಗಾಡಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಒಂದು ಕಾಗದವೂ ಬರಲಿಲ್ಲ.

"ಅಂದಿನಿಂದ ವರ್ಷಾ ಅವನ ಅಳತೀದು ಒಂದು ಹೊಲೀತೇನಿ. ಬಂದ್ರ ತೊಡಾಕ ಇರಬೇಕಲ್ಲ."

"ಅಳತಿ ಹೆಂಗ ಗೊತ್ತಾಗತೈತ್ರಿ ಈಗ?"

"ನನ್ನ ಮೈ ಅಳೀತೇನಿ," ಎಂದರು. "ನನಗ ಹೊಟ್ಟಿ ಬಂದ್ರ ಅವಗೂ ಬಂದಿರ್ತೈತಿ."

ಆ ಮೇಲೆ ನಾನು ತಂತಿಯ ಎಡತುದಿಯಲ್ಲಿ ಬಟ್ಟೆ ಹಾಕುವುದನ್ನು ಬಿಟ್ಟೆ.

ಆ ಭಾನುವಾರದ ಹಿಂದಿನ ಸಂಜೆ ಮಾಲಕರ ಕಡೆಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ರೆಡಿಮೇಡ್ ಜರ್ಸಿಗಳು, ಒಂದೊಂದೂ ಪ್ಲಾಸ್ಟಿಕ್ಕಿನಲ್ಲಿ. ಗುಂಡಿಯಿಲ್ಲ, ಕಾಜವಿಲ್ಲ, ನಂಬರು ಅಚ್ಚು ಹಾಕಿದ್ದು. ಕಾಕಾ ಒಂದನ್ನು ಎಳೆದು ಬಿಟ್ಟರು. ಅದು ತಾನಾಗಿ ಸಣ್ಣದಾಯಿತು.

"ಯಾರ ಅಳತೀನೂ ಅಲ್ಲ, ಎಲ್ಲಾರಿಗೂ ಆಗತೈತಿ. ಚಲೋ ಐತಿ," ಎಂದರು. ಕಟ್ಟೆಯ ಮೇಲೆ ಯಾರೂ ಅವರ ಮುಖ ನೋಡಲಿಲ್ಲ.

ಆ ವರ್ಷ ಕಾಕಾನ ಮಾತು ಮೀರಿ ಮೂವರು ಫಾರ್ವರ್ಡುಗಳನ್ನು ತಂದಿದ್ದರು. ಗೋಲು ಹೊಡೆಯುತ್ತಿದ್ದರು, ಅದಕ್ಕಿಂತ ಹೆಚ್ಚು ಗೋಲು ಎಡಗಡೆಯಿಂದ ಸಂಘದ ಮೇಲೆ ಬೀಳುತ್ತಿದ್ದವು. ಭಾನುವಾರ ಸೋತರೆ ಸಂಘ ಪಂದ್ಯಾವಳಿಯಿಂದ ಹೊರಗೆ. ಮಾಲಕರು ಕೈಬಿಡುತ್ತಾರೆ ಎಂಬ ಮಾತೂ ಇತ್ತು. ಕೊನೆಯ ಗಳಿಗೆಯಲ್ಲಿ ಕೊಲ್ಹಾಪುರದಿಂದ ಒಬ್ಬ ಲೆಫ್ಟ್ ಬ್ಯಾಕ್ ಬಂದಿದ್ದ. ಬಂದವನು ಆ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲವೆಂಬ ಓಣಿಯ ಕತೆ ಕೇಳಿ, ಬೇರೆ ಯಾವ ನಂಬರಾದರೂ ಕೊಡಿ, ಮೂರು ಬೇಡ, ಆ ಕಡೆಗೂ ನಾನು ನಿಲ್ಲುವುದಿಲ್ಲ ಎಂದು ಕೂತುಬಿಟ್ಟಿದ್ದ.

"ಕಾಕಾ, ನೀವ ಒಂದ ಮಾತ ಹೇಳ್ರಿ," ಎಂದರು ಗಾರ್ಡ್ ಸಾಹೇಬರು. ತಮ್ಮ ಹೋದ ಕಾಲವನ್ನು ಕಂಡವರಲ್ಲಿ ಕಟ್ಟೆಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಪೆಡಲಿನ ಸದ್ದು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

"ಅವಗ ಹೇಳ್ರಿ, ಎಡಗಡೆ ಆಡು ಅಂತ," ಎಂದರು ಕಾಕಾ. "ನಾಳೆ ಮುಂಜಾನೆ ಜಾಗಾ ಖಾಲಿ ಮಾಡ್ತೇನಿ."

ಹಾಗಾಗಿ ಮರುದಿನ ಬೆಳಿಗ್ಗೆ ಲೋಟ ನಡುಗಿತು. ಚಹಾ ಪಕ್ಕಕ್ಕಿಟ್ಟು ಅವರು ಪುಸ್ತಕದ ಕೊನೆಯ ಹಾಳೆ ತೆರೆದು ಮಶೀನಿನ ಮೇಲೆ ಇಟ್ಟರು. ಕೆಂಪು ಪೆನ್ಸಿಲು ನನಗೆ ಕೊಟ್ಟರು.

"ನೀನ ಎಳಿ ಯವ್ವಾ. ತಮ್ಮನ ಅಳತಿ ಅಣ್ಣನ ಕೈಲೆ ಹೊಡೀಬಾರದು."

"ಅವರು ಇದ್ದಾರೋ ಇಲ್ಲೋ ಗೊತ್ತಿಲ್ದ..."

"ಇದ್ರ ಮೂವತ್ತು ವರ್ಷದಾಗ ಒಮ್ಮೆರೆ ಬೈಯಾಕ ಬರ್ತಿದ್ದ. ಖಾಲಿ ಜಾಗಾ ಕಾಯಕೋತ ನಾ ಎಷ್ಟ ಮಂದೀನ್ನ ಓಡಸಲಿ? ಕೆಳಗಿಂದು ನೋಡು. ಎಳದಬಿಡು." ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ನಾನು ನನ್ನ ಸ್ಟೂಲಿನ ಮೇಲೆ, ಅವರ ಎದುರಿಗೆ ಕೂತಿದ್ದೆ. ಹಾಳೆ ಅವರ ಕಡೆ ಮುಖ ಮಾಡಿತ್ತು. ಅಂಕಿಗಳು ನನಗೆ ತಲೆಕೆಳಗು. ಎರಡೂ ಸಾಲು ಒಂದೇ ಆಗಿದ್ದರಿಂದ ಓದುವ ಗೋಜಿಗೆ ಹೋಗಲಿಲ್ಲ. ಕೆಳಗಿನ ಸಾಲಿನ ಮೇಲೆ, ಸಿಸ್ಟರ್ ಕಲಿಸಿದಂತೆ ಒಂದೇ ಉಸಿರಿಗೆ, ನೇರವಾಗಿ ಗೆರೆ ಎಳೆದೆ.

"ಆತ್ರಿ ಕಾಕಾ."

ಅವರು ತಿರುಗಿ ನೋಡದೆ ಪುಸ್ತಕ ಮುಚ್ಚಿದರು. ತಣ್ಣಗಾದ ಚಹಾ ಕುಡಿದರು. ಆ ವರ್ಷ ತಮ್ಮನಿಗೆಂದು ಹೊಲಿದಿದ್ದ ಅಂಗಿಯನ್ನು ತಾವೇ ಕೊಡವಿ ತಂತಿಗೆ ಹಾಕಿದರು. "ಇವತ್ತೊಂದಿನ ಗಾಳಿಗೆ ಇರಲಿ. ಸಂಜೀಕ ನೀ ತೆಗದಿಡು."

ಮಧ್ಯಾಹ್ನ ಓಣಿಗೆ ಓಣಿಯೇ ಮೈದಾನಕ್ಕೆ ಹೋಯಿತು; ನಾನು ಒಳಗೆ ಕೆಲಸ ಮಾಡುತ್ತ ಮನೆಯಲ್ಲೇ ಉಳಿದೆ. ಐದರ ಹೊತ್ತಿಗೆ ನಮ್ಮವರು ಬಂದು ಬಾಗಿಲಲ್ಲಿ ನಿಂತರು. ಸಂಘ ಗೆದ್ದಿತ್ತು. ಎಡಗಡೆಯಿಂದ ಒಂದು ಚೆಂಡೂ ದಾಟಿರಲಿಲ್ಲ. ಆ ಹೊಸ ಆಟಗಾರ ತಾನು ಇಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲವೆಂದು ತಾನೇ ಹೇಳುತ್ತಿದ್ದನಂತೆ, ಯಾರೋ ಪ್ರತಿ ಸಲ ಎಲ್ಲಿ ನಿಲ್ಲಬೇಕೆಂದು ತೋರಿಸಿಕೊಟ್ಟ ಹಾಗೆ. ಇದೆಲ್ಲ ಹೇಳಿ ಮುಗಿಸಿದ ಮೇಲೆ ಅವರು ಕಾಕಾನ ವಿಷಯ ಹೇಳಿದರು. ಗೆರೆಯ ಆಚೆ ಬೇವಿನ ಮರದ ಕೆಳಗಿನ ಕಲ್ಲು ಅವರ ಖಾಯಂ ಜಾಗ. ಸೀಟಿ ಊದಿದ ಮೇಲೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

"ಕಲ್ಲಿನ ಮ್ಯಾಲೆ ಒಂದ ತುದೀಗೆ ಸರದ ಕುಂತಿದ್ರು," ಎಂದರು ನಮ್ಮವರು. "ಬಾಜೂಕ ಯಾರಿಗೋ ಜಾಗಾ ಬಿಟ್ಟಂಗ."

ತಂದು ಮಲಗಿಸಿದರು. ಗಾರ್ಡ್ ಸಾಹೇಬರು ಕಾಕಾನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ದಲಾಲರು ತೋಳಿನಿಂದ ಮುಖ ಒರೆಸಿಕೊಂಡು ಕೆನ್ನೆಯೆಲ್ಲ ಹಳದಿ ಮಾಡಿಕೊಂಡಿದ್ದರು. ಹೊದಿಸಲು ಬಿಳಿ ಅರಬಿ ಬೇಕೆಂದರು. ನಾನು ಮಶೀನಿನ ಹಿಂದೆ ಹೋಗಿ, ಮೊದಲ ಸಲ ಅವರ ಜಾಗದಲ್ಲಿ ಕೂತು, ಕಪಾಟಿನಲ್ಲಿ ಹುಡುಕಿದೆ. ಪುಸ್ತಕ ಕೈಗೆ ಬಂತು. ಅವರ ಸಾಲಿಗೂ ಈಗ ಗೆರೆ ಎಳೆಯಬೇಕಲ್ಲ ಎಂದು ಕೊನೆಯ ಹಾಳೆ ತೆರೆದೆ.

ಕೆಂಪು ಗೆರೆ ಮೇಲಿನ ಸಾಲಿನ ಮೇಲಿತ್ತು. ನನ್ನ ಕಡೆಯಿಂದ ಕೆಳಗಿದ್ದದ್ದು ಅವರ ಕಡೆಯಿಂದ ಮೇಲಿತ್ತು. ಬೆಳಿಗ್ಗೆ ಏಳು ಗಂಟೆಗೆ, ಅವರು ನನ್ನೆದುರು ಉಸಿರಾಡುತ್ತ ಕೂತಿದ್ದಾಗ, ನಾನು ಹೊಡೆದುಹಾಕಿದ್ದು ಅವರದು. ತಮ್ಮನ ಸಾಲು ಹಾಗೇ ಇತ್ತು.

ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಪುಸ್ತಕ ಇಂದಿಗೂ ನನ್ನ ಟ್ರಂಕಿನಲ್ಲಿದೆ, ಕೆಳಗಿನ ಸಾಲಿಗೆ ಗೆರೆ ಎಳೆದಿಲ್ಲ. ಪರಊರಲ್ಲಿ ನನಗೆ ನನ್ನ ಭಾಷೆಯನ್ನೂ ಒಂದು ಕೆಲಸವನ್ನೂ ಕೊಟ್ಟವರು ಅವರು. ನಾನು ಅವರಿಗೆ ತಿರುಗಿ ಕೊಟ್ಟದ್ದು ಆ ಗೆರೆ. ವರ್ಷಕ್ಕೊಮ್ಮೆ ಒಂದು ಅಂಗಿಗೆ ಎರಡು ಕಾಜ ಕಟ್ಟಿ ಇಡುತ್ತೇನೆ. ಯಾಕೆಂದು ಮನೆಯಲ್ಲಿ ಕೇಳಿದರೆ ಕೈ ಮರೆಯಬಾರದು ಎನ್ನುತ್ತೇನೆ.

ಅಂದು ಸಂಜೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಳಕ್ಕೆ ಬಂದೆ. ಅಂಗಿ ತೆಗೆದಿಡು ಎಂದಿದ್ದರಲ್ಲ. ತಂತಿಯ ಎಡತುದಿ ಖಾಲಿಯಿತ್ತು.

ಎದುರಿನ ಕಟ್ಟೆಯ ಮೇಲೆ ಮಾವಶಿ, ಸಾವಿಗೆ ಬಂದವರ ರೊಟ್ಟಿಗೆಂದು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಬಿಟ್ಟರೆ, ಮೊಣಕಾಲು ನೋವೆಂದು ಮೈದಾನಕ್ಕೆ ಹೋಗದೆ ಓಣಿಯಲ್ಲಿ ಉಳಿದವರು ಅವರೊಬ್ಬರೇ. ಪಕ್ಕದ ಬೇಡಗ ಹಳ್ಳಿಯಿಂದ ಬಂದು ನಾಲ್ಕು ವರ್ಷವಾಗಿತ್ತಷ್ಟೆ; ಕಾಕಾಗೆ ತಮ್ಮನೊಬ್ಬನಿದ್ದನೆಂದು ಅವರಿಗೆ ಗೊತ್ತಿರಲು ಕಾರಣವಿಲ್ಲ. ನಾನು ತಂತಿಯನ್ನು ನೋಡುತ್ತ ನಿಂತದ್ದನ್ನು ಕಂಡು, ಕಲ್ಲೊಂದನ್ನು ಆರಿಸಿ ಬಿಸಾಡಿ, ಹೇಳಿದರು:

"ಆ ಅಂಗಿ ಅವರ ಮನೀಗೆ ಬಂದ ಪಾವ್ಣ್ಯಾ ತೊಟಗೊಂಡ ಹೋದ ಪೋರಿ. ಮಧ್ಯಾಹ್ನ ಸ್ಟೇಶನ್ ಕಡಿಂದ ಬಂದಿದ್ದ, ಥೇಟ್ ಕಾಕಾನಂಗ ಇದ್ದ. ಎರಡೂ ತೋಳು ಮುಂದ ಹಿಡದು ನೋಡಕೊಂಡ, ಈ ಸಲ ನಂದ ಅಳತಿ ಐತಿ ಅಂದ. ಗ್ರೌಂಡಿಗೆ ಹೋಗಿ ಅಣ್ಣನ್ನ ಕರಕೊಂಡ ಹೋಗ್ತೇನಿ ಅಂದಾಂವ, ಮತ್ತ ಈ ಕಡೆ ಬರಲಿಲ್ಲ ನೋಡು."